ನೀರು ಬರುವ ಹೊತ್ತಿಗೆ

— ಮೊದಲ ಸಾಲು ಮಾತ್ರ ಓದು, ಸಾಕು.

— ‘ನೀರು ಬರುವ ಸಮಯವನ್ನು ಪಟ್ಟಣದ ಮನೆಮನೆಗೂ ಮುಂಚಿತವಾಗಿ ತಿಳಿಸುವ, ಬಳಕೆಗೆ ಸುಲಭವಾದ ಮೊಬೈಲ್ ಆ್ಯಪ್‌ನ ವಿನ್ಯಾಸ.’

— ಅದರ ತಲೆಬರಹ?

— ‘ಸಮಸ್ಯೆ.’

— ಇದರಲ್ಲಿ ಸಮಸ್ಯೆ ಎಲ್ಲಿದೆಯಮ್ಮ? ಆ್ಯಪ್ ಇದೆ, ಮೊಬೈಲ್ ಇದೆ, ಸುಲಭ ಅನ್ನೋ ಮಾತೂ ಇದೆ. ಸಮಸ್ಯೆಯ ಹೆಸರು ಹೇಳಿಕೊಂಡು ಪರಿಹಾರವೇ ಬಂದು ಜಗುಲಿ ಮೇಲೆ ಕೂತಿದೆ.

— ನಾನು ಬರೆದದ್ದಲ್ಲ ಮಾವ, ಕೆಲಸ ಕೊಟ್ಟವರು ಬರೆದದ್ದು. ನಾನು ಸಹಿ ಹಾಕಿದೆ ಅಷ್ಟೆ. ಆರು ವಾರ ಟೈಮು, ಅದರಲ್ಲಿ ಒಂದು ವಾರ ಆಗಲೇ ಹೋಯಿತು.

— ನಾನೂ ಹಾಗೆ ಸಹಿ ಹಾಕಿದವನೇ. ನೀರು ಸರಬರಾಜಿನಲ್ಲಿ ಮೂವತ್ತು ವರ್ಷ ಟೆಂಡರ್ ಬರೆದೆ. ಟೆಂಡರಿನಲ್ಲಿ ಪೈಪಿನ ವ್ಯಾಸ ಇರುತ್ತದೆ, ಪಂಪಿನ ಅಶ್ವಶಕ್ತಿ ಇರುತ್ತದೆ, ಠೇವಣಿ ಎಷ್ಟು ಅಂತ ಇರುತ್ತದೆ. ಯಾವ ಓಣಿಯ ಯಾರಿಗೆ ಏನು ಕಷ್ಟ ಅಂತ ಒಂದರಲ್ಲೂ ಬರೆದ ನೆನಪಿಲ್ಲ. ಒಂದೂರಿಗೆ ಎತ್ತರದ ಟ್ಯಾಂಕು ಕಟ್ಟಿಸಿದೆವು. ಟ್ಯಾಂಕೇನೋ ತುಂಬಿತು. ಮೇಲುಗೇರಿಗೆ ಮಾತ್ರ ನೀರು ಹತ್ತಲಿಲ್ಲ, ನಡುವೆ ಹಳೇ ಪೈಪು ಸೋರುತ್ತಿತ್ತು. ನಮಗೆ ಬಂದ ಕಾಗದದಲ್ಲಿ ‘ಟ್ಯಾಂಕು ಇಲ್ಲದ ಸಮಸ್ಯೆ’ ಅಂತಿತ್ತು. ‘ಇಲ್ಲದ’ ಅನ್ನೋ ಪದ ಕಂಡರೆ ಅಂದಿನಿಂದ ನನಗೆ ಗುಮಾನಿ. ಟ್ಯಾಂಕು ಇಲ್ಲದ, ಆ್ಯಪ್ ಇಲ್ಲದ, ತರಬೇತಿ ಇಲ್ಲದ. ಯಾವುದು ಇಲ್ಲ ಅನ್ನುತ್ತಾರೋ ಅದನ್ನು ಕೊಳ್ಳೋದು ಅಂತ ಆಗಲೇ ತೀರ್ಮಾನ ಆಗಿದೆ ಅಂತ ಅರ್ಥ.

— ನಮ್ಮ ಕಾಲೇಜಿನಲ್ಲೂ ಇದನ್ನು ಹೇಳಿಕೊಟ್ಟಿದ್ದರು. ಮೊದಲ ವರ್ಷ ಚೊಂಬಿನ ಪಾಠ ಇತ್ತು.

— ಅಷ್ಟು ಫೀಸು ಕಟ್ಟಿಸಿಕೊಂಡು ಚೊಂಬು ಕೊಟ್ಟರಾ?

— ನಗಬೇಡಿ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅಂತ ಅಮೆರಿಕದ ದಂಪತಿ, ಕುರ್ಚಿ ಮಾಡಿ ಹೆಸರಾದವರು, ನಮ್ಮ ಸರ್ಕಾರ ಕರೆಸಿತು ಅಂತ ಬಂದು ದೇಶ ಸುತ್ತಿ ಒಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಹುಟ್ಟಿದ್ದಕ್ಕೆ ಅದೇ ಬೀಜ. ಇಲ್ಲಿ ಕಂಡದ್ದರಲ್ಲೆಲ್ಲ ಅವರಿಗೆ ಬಹಳ ಹಿಡಿಸಿದ್ದು ಲೋಟಾ, ನಮ್ಮ ಚೊಂಬು. ಹೊಗಳಿ ಸುಮ್ಮನಾಗಲಿಲ್ಲ. ಒಬ್ಬಾತ ಇಂಥದ್ದನ್ನು ಮೊದಲಿಂದ ಮಾಡಲು ಹೊರಟರೆ ಏನೇನು ಕೇಳಿಕೊಳ್ಳಬೇಕಾದೀತು ಅಂತ ಪ್ರಶ್ನೆ ಪೋಣಿಸಿದರು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಹೆಂಗಸಿನದೋ ಗಂಡಸಿನದೋ, ಎಷ್ಟು ಕಸುವಿನದು? ತಲೆಯ ಮೇಲೆ ಹೊರುತ್ತಾರೋ, ಸೊಂಟದಲ್ಲೋ? ಖಾಲಿ ಇದ್ದಾಗ ತೂಕ ಎಲ್ಲಿ ನಿಲ್ಲುತ್ತದೆ, ತುಂಬಿದಾಗ ಎಲ್ಲಿ, ಬಗ್ಗಿಸಿದಾಗ ಎಲ್ಲಿ? ಬಾಯಿ ಎಷ್ಟಗಲ ಇದ್ದರೆ ಒಳಗೆ ತೊಳೆಯಲು ಬರುತ್ತದೆ? ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿರುತ್ತದೆ? ನೆಲಕ್ಕೋ ಇನ್ನೊಂದು ಪಾತ್ರೆಗೋ ತಗುಲಿದರೆ ಸದ್ದು ಹೇಗೆ? ಹಳತಾದ ಮೇಲೆ ಹಾಕಿದರೆ ಎಷ್ಟು ಹುಟ್ಟುತ್ತದೆ?

— ಚೊಂಬಿಗೆ ಸದ್ದು ಯಾಕೆ?

— ನನಗೂ ಅದೊಂದು ಅತಿ ಅನ್ನಿಸಿತ್ತು.

— ಇಷ್ಟು ಕೇಳುತ್ತಾ ಕೂತರೆ ಚೊಂಬು ಆಗೋದು ಯಾವಾಗ?

— ಅದನ್ನು ಒಬ್ಬರೇ ಕೂತು ಮಾಡಿದ್ದಲ್ಲ, ತಲೆಮಾರುಗಳು ತಿದ್ದಿ ತಿದ್ದಿ ಆದದ್ದು ಅಂತ ಅವರೇ ಬರೆದಿದ್ದಾರೆ. ತಲೆಮಾರುಗಳಿಗೆ ಪುರುಸೊತ್ತಿತ್ತು. ನನಗಿರುವುದು ಐದು ವಾರ.

— ಸರಿ, ನಿನ್ನ ಚೊಂಬಿಗೇ ಬರೋಣ. ಈ ಊರಲ್ಲಿ ನೀರು ಯಾವಾಗ ಬರುತ್ತದೆ?

— ಐದು ದಿನಕ್ಕೋ ಆರು ದಿನಕ್ಕೋ ಒಮ್ಮೆ, ಎರಡು ಗಂಟೆ. ಹಗಲೋ ರಾತ್ರಿಯೋ ಗೊತ್ತಿಲ್ಲ. ಅದಕ್ಕೇ ತಾನೇ ನಾವಿಬ್ಬರೂ ಈಗ ಎದ್ದು ಕೂತಿರುವುದು?

— ಯಾರಿಗೆ ಗೊತ್ತಿಲ್ಲ?

— ಮನೆಯವರಿಗೆ.

— ನೀರುಗಂಟಿಗೆ ಗೊತ್ತಿದೆ. ಗೊತ್ತಿರುವುದು ಒಬ್ಬರ ಬಳಿ, ಗೊತ್ತಿಲ್ಲದಿರುವುದು ಸಾವಿರ ಜನರ ಬಳಿ. ಅದು ‘ಮಾಹಿತಿ ಇಲ್ಲ’ ಅನ್ನೋ ಸಂಗತಿ ಅಲ್ಲ.

— ನಾನೂ ಓದಿಕೊಂಡೇ ಬಂದಿದ್ದೇನೆ ಮಾವ. ಹುಬ್ಬಳ್ಳಿ-ಧಾರವಾಡದಲ್ಲಿ 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಅಂತ ಒಂದು ಕಂಪನಿ ಇದನ್ನೇ ಮಾಡಿತು. ಆ್ಯಪ್ ಕೂಡ ಅಲ್ಲ, ಬರೀ ಎಸ್ಸೆಮ್ಮೆಸ್. ನೀರುಗಂಟಿ ವಾಲ್ವ್ ತೆಗೆಯುವಾಗ ಫೋನ್ ಮಾಡಿ ಹೇಳುವುದು, ಆ ಬಡಾವಣೆಯ ಮನೆಗಳಿಗೆ ಸಂದೇಶ ಹೋಗುವುದು. ಓದಿದಾಗ ಎಷ್ಟು ಚೆಂದ ಅನ್ನಿಸಿತು ಗೊತ್ತಾ? ಹೊಸ ಯಂತ್ರ ಇಲ್ಲ, ಅಗೆತ ಇಲ್ಲ.

— ಬೆಂಗಳೂರಿಗೂ ಬಂದರು.

— ಬಂದರು. ಅಲ್ಲಿ ಬರ್ಕ್ಲಿಯ ಸಂಶೋಧಕರು ಮನೆಗಳನ್ನು ಗುಂಪು ಮಾಡಿ, ಸಂದೇಶ ಸಿಕ್ಕವರಿಗೂ ಸಿಗದವರಿಗೂ ಏನು ವ್ಯತ್ಯಾಸ ಅಂತ ಹೋಲಿಸಿ ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ. ಸರಪಳಿಯ ಮೊದಲ ಕೊಂಡಿಯೇ ಸಡಿಲ. ನೀರುಗಂಟಿಗಳು ಕರೆ ಮಾಡಿದರೆ ಮಾಡಿದರು, ಇಲ್ಲದಿದ್ದರೆ ಇಲ್ಲ.

— ನೀನು ಒಂದು ದಿನ ಅವನ ಹಿಂದೆ ಸೈಕಲ್ಲಿನಲ್ಲಿ ಹೋಗಬೇಕು. ಉದ್ದನೆ ಕಬ್ಬಿಣದ ಕೀಲಿ ಹೆಗಲ ಮೇಲೆ, ಬೆಳಗಿನ ಜಾವ ಶುರು. ಪಂಪ್‌ಹೌಸಿನಲ್ಲಿ ಕರೆಂಟು ಹೋಯಿತೋ, ಅವನ ಇಡೀ ದಿನದ ವರಸೆ ಬಿದ್ದುಹೋಗುತ್ತದೆ. ಆರಕ್ಕೆ ಅಂತ ಹೇಳಿ ಎಂಟಕ್ಕೆ ಬಂದರೆ ಬೈಸಿಕೊಳ್ಳುವವನು ಯಾರು, ನಿನ್ನ ಆ್ಯಪ್ಪಾ? ಮೇಲಾಗಿ ಕೌನ್ಸಿಲರ್ ಫೋನು, ನಮ್ಮ ಬೀದಿಗೆ ಮೊದಲು ಬಿಡು ಅಂತ. ಇನ್ನೊಂದು ಮಾತು, ಇದನ್ನು ಯಾವ ವರದಿಯಲ್ಲೂ ಬರೆಯುವುದಿಲ್ಲ. ಊರಲ್ಲಿ ಆ ಮನುಷ್ಯನನ್ನು ನಾಲ್ಕು ಜನ ನಿಲ್ಲಿಸಿ ಮಾತಾಡಿಸುವುದು, ಕೂತ್ಕೋ ಕಾಫಿ ಕುಡಿ ಅನ್ನುವುದು, ನೀರು ಯಾವಾಗ ಅನ್ನೋದು ಅವನಿಗೆ ಗೊತ್ತು ಅಂತ. ಅವನ ಹತ್ತಿರ ಇರುವ ಆಸ್ತಿ ಅದೊಂದೇ. ಅದನ್ನು ಬಿಟ್ಟಿಯಾಗಿ ಫೋನಿಗೆ ಹಾಕಿಬಿಡು ಅಂದರೆ?

— ಹಾಗಾದರೆ ವಾಲ್ವಿಗೇ ಒಂದು ಸೆನ್ಸರ್ ಕೂರಿಸಬಹುದಲ್ಲ. ಅವನು ಹೇಳುವುದೇ ಬೇಡ.

— ನೋಡು, ಮತ್ತೆ ಹಾರಿದೆ! ಒಂದು ವಸ್ತುವಿನಿಂದ ಇಳಿಸಿದರೆ ಇನ್ನೊಂದರ ಮೇಲೆ ಹತ್ತುತ್ತೀಯ.

— ನಮಗೆ ಕೈ ಸುಮ್ಮನಿರುವುದಿಲ್ಲ, ಅದು ರೋಗ ಅಂತ ಗೊತ್ತು. ಬೈಯಿರಿ.

— ಬೈಯಲ್ಲ. ಅದೇ ಹುಬ್ಬಳ್ಳಿ-ಧಾರವಾಡದಲ್ಲಿ ಎಸ್ಸೆಮ್ಮೆಸ್ಸಿಗಿಂತ ಮುಂಚೆಯೇ, 2008ರಲ್ಲಿ, ಆಯ್ದ ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಬಿಟ್ಟರು. ವಿಶ್ವಬ್ಯಾಂಕಿನ ಸಾಲ. ಬೆಳಗಾವಿ, ಕಲಬುರಗಿಯಲ್ಲೂ ಮಾಡಿದರು. ಊರಿನ ಹತ್ತರಲ್ಲೊಂದು ಪಾಲಿಗೆ ಅಂತಿಟ್ಟುಕೋ. ಆಗ ನಮ್ಮ ಇಂಜಿನಿಯರುಗಳೇ ನಕ್ಕಿದ್ದರು. ವಾರಕ್ಕೊಮ್ಮೆ ಕೊಡಲು ನೀರಿಲ್ಲ, ಇಡೀ ದಿನ ಎಲ್ಲಿಂದ ತರುತ್ತಾರೆ ಅಂತ. ನಾನೂ ನಕ್ಕವನೇ. ಆದರೆ ಬಿಟ್ಟು ಬಿಟ್ಟು ಕೊಡುವ ನೀರು ಹೇಗೆ ಹಾಳಾಗುತ್ತದೆ ನೋಡು. ನಲ್ಲಿ ತೆಗೆದೇ ಇಟ್ಟಿರುತ್ತಾರೆ, ಬಂದದ್ದು ಗೊತ್ತಾಗಲಿ ಅಂತ. ಹೊಸ ನೀರು ಬಂದ ಕೂಡಲೇ ಹಳೇ ನೀರು ಚರಂಡಿಗೆ. ನೀರು ನಿಂತ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಬಿರುಕಿನಲ್ಲಿ ಪಕ್ಕದ ಚರಂಡಿಯದು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಪೈಪನ್ನೆಲ್ಲ ಬದಲಾಯಿಸಿ ಮೀಟರು ಹಾಕಿದರು. ಅವರು ‘ನೀರು ಯಾವಾಗ ಬರುತ್ತದೆ’ ಅಂತ ಕೇಳಲಿಲ್ಲ. ‘ಯಾಕೆ ನಿಲ್ಲುತ್ತದೆ’ ಅಂತ ಕೇಳಿದರು. ಒಂದೇ ಊರು, ಒಂದೇ ನಲ್ಲಿ. ಎರಡು ಪ್ರಶ್ನೆಗೆ ಎರಡು ಬೇರೆ ಬೇರೆ ಲೋಕ.

— ಒಪ್ಪಿದೆ. ಆದರೆ ಆ ಎರಡನೇ ಪ್ರಶ್ನೆ ನನ್ನ ಕೈಗೆ ಎಟುಕುವುದಿಲ್ಲ ಮಾವ. ಅದಕ್ಕೆ ಸಾಲ ಬೇಕು, ಸರ್ಕಾರ ಬೇಕು, ರಸ್ತೆ ಅಗೆಯಬೇಕು. ನನ್ನ ಹತ್ತಿರ ಒಂದು ಲ್ಯಾಪ್‌ಟಾಪು, ಇಬ್ಬರು ಹುಡುಗರು. ಹೀಗೆ ಯಾಕೆ ಯಾಕೆ ಅಂತ ಮೇಲೆ ಹತ್ತುತ್ತಾ ಹೋದರೆ ಮಳೆ ಯಾಕೆ ಕಡಿಮೆ ಅನ್ನುವಲ್ಲಿಗೆ ನಿಲ್ಲುತ್ತೇವೆ. ಹಾರ್ಸ್ಟ್ ರಿಟ್ಟೆಲ್ ಅಂತ ಒಬ್ಬರು, ಜರ್ಮನಿಯ ಉಲ್ಮ್ ಶಾಲೆಯಲ್ಲಿ ಪಾಠ ಮಾಡಿ ಆಮೇಲೆ ಬರ್ಕ್ಲಿಗೆ ಹೋದವರು, 1973ರಲ್ಲಿ ವೆಬ್ಬರ್ ಜೊತೆ ಸೇರಿ ಇದನ್ನೇ ಬರೆದರು. ಇಂಥ ಸಮಸ್ಯೆಗಳಿಗೆ ಕೊನೆ ಅನ್ನೋದಿಲ್ಲ, ಒಂದೊಂದೂ ಇನ್ನೊಂದರ ಲಕ್ಷಣ, ನೀವು ಹೇಗೆ ವಿವರಿಸುತ್ತೀರೋ ಅದರಂತೆ ಪರಿಹಾರ ಅಂತ. ‘ವಿಕೆಡ್ ಪ್ರಾಬ್ಲಮ್’ ಅಂತ ಹೆಸರಿಟ್ಟರು.

— ದುಷ್ಟ ಸಮಸ್ಯೆಯೇ?

— ಮೊಂಡು ಅನ್ನಬಹುದು. ಎಷ್ಟು ಗುದ್ದಾಡಿದರೂ ಹಟ ಬಿಡದ ಮಗುವಿನ ಹಾಗೆ.

— ಹೆಸರಿಟ್ಟುಬಿಟ್ಟರೆ ನಿಮ್ಮವರಿಗೆ ಅರ್ಧ ನೆಮ್ಮದಿ! ನನಗೆ ಅಷ್ಟು ದೊಡ್ಡದು ಬೇಡ. ಮೇಲೆ ಹತ್ತಬೇಡ, ಪಕ್ಕಕ್ಕೆ ಹೆಜ್ಜೆ ಇಡು. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ಮಾಡಿದ ಮತಯಂತ್ರ ಇದೆಯಲ್ಲ, ಅದರ ಮೊದಲ ಸಾಲು ಏನಿದ್ದಿರಬಹುದು?

— ಮತ ಬೇಗ ಎಣಿಸಬೇಕು. ಅಸಿಂಧು ಮತ ಇರಬಾರದು.

— ಯಾರಾದರೂ ಹಾಗೇ ಅನ್ನುತ್ತಾರೆ. ಆದರೆ ಆಗ ಮತಗಟ್ಟೆಗೆ ಪುಂಡರು ನುಗ್ಗಿ ಕಾಗದದ ಮೇಲೆ ಟಪಟಪ ಅಂತ ಠಸ್ಸೆ ಒತ್ತಿ ಪೆಟ್ಟಿಗೆ ತುಂಬಿಸುವ ಕಾಲ. ಯಂತ್ರ ಪುಂಡನನ್ನು ತಡೆಯಲಾರದು. ಅದಕ್ಕೇ ನಿಮಿಷಕ್ಕೆ ನಾಲ್ಕೈದು ಮತಕ್ಕಿಂತ ಹೆಚ್ಚು ತೆಗೆದುಕೊಳ್ಳದ ಹಾಗೆ ಕಟ್ಟಿದರು. ಅಷ್ಟರಲ್ಲಿ ಅಧಿಕಾರಿ ಒಂದು ಗುಂಡಿ ಒತ್ತಿ ಮತದಾನ ಮುಚ್ಚಿಬಿಡಬಹುದು. ಯಂತ್ರ ಅಂದರೆ ವೇಗ ಅಂತ ತಾನೇ ನಾವು ಅಂದುಕೊಳ್ಳುವುದು? ಇಲ್ಲಿ ಬೇಕೆಂದೇ ನಿಧಾನ ಮಾಡಿದರು. ಎಣಿಕೆ ಬೇಗ, ಹಾಕುವುದು ನಿಧಾನ. ಬರೀ ‘ಬೇಗ’ ಅಂತ ಮೊದಲ ಸಾಲಿನಲ್ಲಿ ಬರೆದಿದ್ದರೆ ಪುಂಡರಿಗೂ ಬೇಗ ಆಗುತ್ತಿತ್ತು.

— ಅದರ ಹೊರರೂಪಕ್ಕೆ ಕೆಲಸ ಮಾಡಿದವರು ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದವರು, ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಗುಂಡಿ ಒತ್ತಿದ ಮೇಲೆ ಬರುವ ಆ ಉದ್ದನೆ ಬೀಪ್ ನನಗೆ ಬಹಳ ಇಷ್ಟ. ಮತ ಹಾಕಿದವನಿಗೆ ಆಯಿತು ಅಂತ ಗೊತ್ತಾಗುತ್ತದೆ, ಆಚೆ ಕೂತ ಪಕ್ಷದ ಏಜೆಂಟರಿಗೂ ಒಂದೇ ಮತ ಬಿತ್ತು ಅಂತ ಕೇಳಿಸುತ್ತದೆ. ಓದು ಬರುವವರು ಬಾರದವರು ಅನ್ನೋ ಭೇದ ಇಲ್ಲ.

— ಮತ್ತೆ ಸದ್ದಿಗೆ ಬಂದೆ. ಇರಲಿ, ಇನ್ನೂ ಹತ್ತಿರದ್ದು ಹೇಳುತ್ತೇನೆ. ಕುಣಿಗಲ್ ಕಡೆಯದು. ಪುರ ಅಂತ ಒಂದು ಹಳ್ಳಿ.

— ಗೋಬರ್ ಗ್ಯಾಸಿನ ಪುರ? ಅಮೂಲ್ಯ ರೆಡ್ಡಿಯವರದು?

— ಹೂಂ. 1974ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಅಂತ ‘ಅಸ್ತ್ರ’ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬೀಡು ಬಿಟ್ಟರು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಅಳೆದರು ನೋಡು, ಆ ಥರ ಅಳೆದವರು ಕಡಿಮೆ. ಸೌದೆ ಎಷ್ಟು ಕೆಜಿ, ಅದಕ್ಕೆ ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ಎತ್ತು ಎಷ್ಟು ಗಂಟೆ ದುಡಿಯುತ್ತದೆ, ಮಕ್ಕಳು ಎಷ್ಟು. ದೆಹಲಿಯಲ್ಲಿ ಕೂತವರು ಹಳ್ಳಿಯವರೆಲ್ಲ ಬೆರಣಿ ಸುಟ್ಟು ಗೊಬ್ಬರ ಹಾಳು ಮಾಡುತ್ತಾರೆ ಅಂತ ನಂಬಿದ್ದ ಕಾಲ. ಇಲ್ಲಿ ನೋಡಿದರೆ ಸಗಣಿ ಹೋಗುತ್ತಿದ್ದದ್ದು ತಿಪ್ಪೆಗೆ, ಒಲೆಗೆ ಹೋಗುತ್ತಿದ್ದದ್ದು ಸೌದೆ.

— ಆದರೂ ಪುರದಲ್ಲಿ ಮೊದಲು ಹೊರಟದ್ದು ಅಡುಗೆ ಗ್ಯಾಸಿಗೇ ತಾನೇ?

— ಅಡುಗೆಗೇ. ಅಡುಗೆ ಅಂದರೆ ಹೊಗೆ, ಹೆಂಗಸರು, ಕಾಡು. ಒಳ್ಳೇ ಸಮಸ್ಯೆ, ಯಾರೂ ಬೇಡ ಅನ್ನಲಾರರು. ಈಗ ಲೆಕ್ಕ ಹಾಕು. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಘನಮೀಟರ್ ಗ್ಯಾಸು ಬೇಕು. ಒಂದು ಘನಮೀಟರಿಗೆ ಇಪ್ಪತ್ತೈದು ಕೆಜಿ ಸಗಣಿ. ಎಷ್ಟಾಯಿತು?

— ಮೂವತ್ತೇಳು, ಮೂವತ್ತೆಂಟು ಕೆಜಿ.

— ಮೇಯಲು ಹೋಗಿ ಬರುವ ಬಡಕಲು ರಾಸು, ಕೈಗೆ ಸಿಗುವುದು ಐದಾರು ಕೆಜಿ. ಅಂದರೆ ಮನೆಗೆ ಆರೇಳು ರಾಸು ಬೇಕು. ಯಾರ ಕೊಟ್ಟಿಗೆಯಲ್ಲಿದೆ ಅಷ್ಟು? ಊರಿನ ಸಗಣಿಯನ್ನೆಲ್ಲ ಗೋರಿ ತಂದರೂ ಊರಿನ ಅಡುಗೆ ಆಗದು. ಮೇಲೆ ಸೌದೆ ಬಿಟ್ಟಿ, ಬೇಲಿ ಸವರಿದರೆ ಸಿಗುತ್ತದೆ. ಬಿಟ್ಟಿ ಸಿಗುವುದರ ಬದಲಿಗೆ ಬೇರೆಯದನ್ನು ಯಾರು ಕೇಳಿದ್ದರು? ಊರು ಕೇಳುತ್ತಿದ್ದದ್ದು ನೀರು, ಕುಡಿಯಲು ಒಳ್ಳೇ ನೀರು.

— ಆಗ ಗ್ಯಾಸಿನಿಂದ ನೀರು ಎತ್ತಿದರು.

— 1987ರ ಸೆಪ್ಟೆಂಬರಿನಿಂದ. ಗ್ಯಾಸನ್ನು ಒಲೆಗೆ ಬಿಡದೆ ಏಳು ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿಗೆ ಬಿಟ್ಟರು. ಅದಕ್ಕೊಂದು ಜನರೇಟರ್. ಕೊಳವೆಬಾವಿಯ ನೀರು ಮೇಲೆ ಬಂತು, ಬೀದಿಗೆ ನಲ್ಲಿ ಬಂತು, ಮನೆಗೆ ದೀಪ ಬಂತು. ಅಡುಗೆಗೆ ಸಾಲದ ಸಗಣಿ ಇದಕ್ಕೆ ಸಾಕಾಯಿತು! ಬೆಳಿಗ್ಗೆ ಸಗಣಿ ತಂದು ಸುರಿದರೆ ಕೆಜಿಗೆ 2 ಪೈಸೆ ಕೊಡುತ್ತಿದ್ದರು. ಗ್ಯಾಸು ಹೋದ ಮೇಲಿನ ಬಗ್ಗಡ ವಾಪಸ್ ತಿಪ್ಪೆಗೆ. ಹಲವು ವರ್ಷ ನಡೆಯಿತು, ಆಮೇಲೆ ನಿಂತಿತು. ಯಾಕೆ ನಿಂತಿತು ಅನ್ನೋದಕ್ಕೆ ಇನ್ನೊಂದು ರಾತ್ರಿ ಬೇಕು.

— ನೀವು ಇದನ್ನು ನನ್ನ ಮೇಲೆ ಬಾಣದ ಹಾಗೆ ಬಿಟ್ಟಿರಿ. ಆದರೆ ಇದು ತಿರುಗಿ ನಿಮಗೇ ನಾಟುತ್ತದೆ ಮಾವ.

— ಹೇಗೆ?

— ಅಷ್ಟು ಅಳೆದವರೂ, ನೀರಿಗೆ ಎಷ್ಟು ಹೊತ್ತು ಅಂತ ಸ್ವತಃ ಬರೆದುಕೊಂಡವರೂ, ಅಡುಗೆಯಿಂದ ಶುರು ಮಾಡಿದರು. ಮೊದಲೇ ಸಮಸ್ಯೆಯನ್ನು ಸರಿಯಾಗಿ ಬರೆಯಬೇಕು ಅಂತ ಹಟ ಹಿಡಿದು ಕೂತಿದ್ದರೆ ಅವರು ಉಂಗ್ರದಲ್ಲಿ ಇನ್ನೂ ಅಳೆಯುತ್ತಲೇ ಇರುತ್ತಿದ್ದರು. ಹೊಂಡ ತೋಡಲು ಹೊರಟ ಮೇಲೆ ತಾನೇ ಊರು ಬಾಯಿ ಬಿಟ್ಟದ್ದು? ತಪ್ಪು ಉತ್ತರವನ್ನು ಎದುರಿಗಿಟ್ಟರೆ ಜನ ‘ಇದಲ್ಲ, ಅದು’ ಅನ್ನುತ್ತಾರೆ. ‘ನಿಮಗೇನು ಬೇಕು’ ಅಂತ ಕೇಳಿದರೆ ‘ಏನೋ ಸ್ವಾಮಿ, ನೀವೇ ನೋಡಿ’ ಅನ್ನುತ್ತಾರೆ. ಹಾಗಾದರೆ ನನ್ನ ಆ್ಯಪ್ಪೂ ಒಂದು ಪ್ರಶ್ನೆಯೇ. ಮಾಡಿ ತೋರಿಸುತ್ತೇನೆ, ಬೈಸಿಕೊಳ್ಳುತ್ತೇನೆ, ಆಗ ತಿಳಿಯುತ್ತದೆ.

— ಅದು ಸರಿ. ಆದರೆ ಬೈಸಿಕೊಂಡ ಮೇಲೆ ಬದಲಾಯಿಸಲು ನಿನಗೆ ಬಿಡುತ್ತಾರಾ? ಅಸ್ತ್ರದವರು ಊರಲ್ಲೇ ಇದ್ದರು, ವರ್ಷಗಟ್ಟಲೆ. ನಿನ್ನ ಆರನೇ ವಾರದ ಕೊನೆಗೆ ಏನಿದೆ?

— ಉದ್ಘಾಟನೆ.

— ಮಂತ್ರಿ ಬರುತ್ತಾರಾ?

— ಗೊತ್ತಿಲ್ಲ. ಬ್ಯಾನರಿಗೆ ಅಳತೆ ಕೇಳಿದ್ದಾರೆ.

— ಬ್ಯಾನರ್ ಬಂದ ಮೇಲೆ ಪ್ರಶ್ನೆ ಮುಗಿಯಿತು. ಅದಕ್ಕೇ ಹೇಳಿದ್ದು, ಮೊದಲ ಸಾಲನ್ನು ಈಗಲೇ ಕೆದಕು ಅಂತ. ಕಾಗದದ ಮೇಲೆ ತಪ್ಪು ಮಾಡುವುದು ಅಗ್ಗ. ಪೈಪು ಹೂತ ಮೇಲೆ ಮಾಡುವ ತಪ್ಪಿನ ಬಿಲ್ಲು ನಾನು ನೋಡಿದ್ದೇನೆ.

— ಸರಿ, ಪೆನ್ನು ಕೊಡಿ. ಹೊಡೆದು ಹಾಕಿದೆ. ‘ಪಟ್ಟಣದ ಜನರಿಗೆ ನೀರಿನ ಸಮಯದ ಅನಿಶ್ಚಿತತೆಯಿಂದ...’

— ಅನಿಶ್ಚಿತತೆ! ಅದನ್ನು ಯಾವ ಓಣಿಯಲ್ಲಿ ಕೇಳಿದೆ?

— ‘ನೀರು ಬರುವುದು ಯಾವಾಗ ಅಂತ ಗೊತ್ತಿಲ್ಲದೆ ಜನ ಕಾಯುತ್ತಾರೆ.’

— ಜನ ಅಂದರೆ? ಈ ಮನೆಯಲ್ಲಿ ಇರುವುದು ಇಬ್ಬರು. ನಾನು ಕಾದದ್ದು ಈ ರಾತ್ರಿ ಮಾತ್ರ, ಅದೂ ನೀನು ಬಂದೆ ಅಂತ.

— ‘ನೀರು ಬರುವ ರಾತ್ರಿ ಮನೆಯಲ್ಲಿ ಒಬ್ಬರು ನಿದ್ದೆಗೆಡುತ್ತಾರೆ. ಸಾಮಾನ್ಯವಾಗಿ ಅದು ಮನೆಯ ಹೆಂಗಸು.’

— ‘ಸಾಮಾನ್ಯವಾಗಿ’ ತೆಗೆ. ಹಾಂ, ಈಗ ಇದು ಸಮಸ್ಯೆಯ ಹಾಗೆ ಕಾಣುತ್ತದೆ. ಇದರಲ್ಲಿ ಮನುಷ್ಯರಿದ್ದಾರೆ, ರಾತ್ರಿ ಇದೆ. ಇದಕ್ಕೆ ಆ್ಯಪ್ಪೂ ಉತ್ತರ ಆಗಬಹುದು, ಹಗಲು ಹೊತ್ತೇ ಈ ಬಡಾವಣೆಗೆ ಬಿಡಿ ಅಂತ ಪುರಸಭೆಗೆ ಒಂದು ಅರ್ಜಿಯೂ ಉತ್ತರ ಆಗಬಹುದು.

— ಅರ್ಜಿಗೆ ನನಗೆ ಯಾರೂ ದುಡ್ಡು ಕೊಡುವುದಿಲ್ಲ.

— ಅದನ್ನೂ ಸಮಸ್ಯೆಯ ಪಟ್ಟಿಗೆ ಸೇರಿಸು.

— ಅತ್ತೆಯನ್ನು ಕೇಳೋಣ ಅಂದುಕೊಂಡಿದ್ದೆ. ನಿಮ್ಮ ಮದುವೆಯಾದಾಗಿನಿಂದ ನೀರು ತುಂಬುತ್ತಿರುವವರು ಅವರು. ಎಷ್ಟು ನಿದ್ದೆ ಕೆಡುತ್ತದೆ, ಮಾರನೇ ದಿನ ಹೇಗಿರುತ್ತದೆ ಅಂತ. ನೀವು ಯಾವಾಗಲಾದರೂ ಕೇಳಿದ್ದೀರಾ?

— ನಾನು... ಇಲಾಖೆಯಲ್ಲಿದ್ದವನು ನಾನು. ಮನೆಯಲ್ಲಿ ನೀರಿನ ಮಾತೆತ್ತಿದರೆ ನನಗೇ ಪೂಜೆ ಆಗುತ್ತಿತ್ತು. ಕೇಳಿಲ್ಲ.

— ಮಲಗಿಬಿಟ್ಟಿದ್ದಾರೆ ಅನ್ನಿಸುತ್ತೆ. ಎಬ್ಬಿಸುವುದು ಬೇಡ.

— ಬೇಡ, ಬೇಡ. ಹತ್ತಕ್ಕೇ ಮಲಗಿದಳು, ಆಗಲೇ ಗೊರಕೆ... ಏನದು?

— ಹಿತ್ತಲಲ್ಲಿ. ಪಾತ್ರೆ ಬಿತ್ತಾ?

— ಬಿದ್ದದ್ದಲ್ಲ. ಟಣ್, ಟಣ್ ಅಂತಿದೆ. ಕೇಳು, ಈಗ ಜೋರಾಯಿತು.

— ನಲ್ಲಿ! ಮಾವ, ನಲ್ಲಿಯ ಕೆಳಗೆ ಏನೋ ಬೋರಲಾಗಿದೆ. ಚೊಂಬು. ಹಿತ್ತಾಳೆ ಚೊಂಬು ಕವುಚಿ ಇಟ್ಟಿದ್ದಾರೆ!

— ಇಬ್ಬರೂ ಎದ್ದೇ ಇದ್ದೀರಾ? ಮೊದಲೇ ಹೇಳಬಾರದಾ, ನಾನ್ಯಾಕೆ ಚೊಂಬು ಇಡುತ್ತಿದ್ದೆ? ಅದರ ಸದ್ದಿಗೆ ಪಕ್ಕದ ಮನೆಯವಳೂ ಏಳುತ್ತಾಳೆ. ಅವಳು ಇಡುವುದು ಸ್ಟೀಲಿನದು, ಕೇಳಿಸುವುದೇ ಇಲ್ಲ.

— ಅತ್ತೆ, ಹಾಗಾದರೆ ನೀವು ರಾತ್ರಿಯೆಲ್ಲ ಕಾಯುವುದಿಲ್ಲವಾ?

— ಕಾಯೋದಾ? ಯಾಕೆ ಕಾಯಲಿ? ನಿದ್ದೆಗೇನು ಬರ ನನಗೆ? ಕಷ್ಟ ಇರೋದು ಎತ್ತೋದರಲ್ಲಿ. ಆ ಡ್ರಮ್ಮು ಅಡುಗೆಮನೆಯಲ್ಲಿದೆ, ನಲ್ಲಿ ಇಲ್ಲಿದೆ, ನಡುವೆ ಮೂರು ಮೆಟ್ಟಿಲು. ಈ ಮಂಡಿ ಇಟ್ಟುಕೊಂಡು ಮೂವತ್ತು ಬಿಂದಿಗೆ ಹತ್ತಿಸಬೇಕು. ಮೂವತ್ತು ವರ್ಷದಿಂದ ನೋಡ್ತಿದ್ದೀರಲ್ಲ ನೀವು, ಇಂಜಿನಿಯರು.

— ಮಾವ, ಆ ಸಾಲು...

— ಆಮೇಲೆ. ಮೊದಲು ಬಿಂದಿಗೆ ಹಿಡಿ.